ಪುಟ್ಟ ಮಕ್ಕಳ ಮೆದುಳಿಗೆ ಟಿಬಿ: ಅನುಮಾನ ಬಂದ ದಿನದಿಂದ ಔಷಧಿ ಮುಗಿಯುವವರೆಗೆ ಏನೇನು ಮಾಡಬೇಕು

ಎರಡು ವರ್ಷದ ಮಗು. ಐದಾರು ದಿನದಿಂದ ಸಣ್ಣ ಜ್ವರ. ಬೆಳಿಗ್ಗೆ ಒಂದೆರಡು ಸಲ ವಾಂತಿ, ಆದರೆ ಭೇದಿ ಇಲ್ಲ. ಆಟದ ಸಾಮಾನು ಮುಂದಿಟ್ಟರೂ ಕೈ ಚಾಚುವುದಿಲ್ಲ. ಎತ್ತಿಕೊಂಡರೆ ರಚ್ಚೆ, ಇಳಿಸಿದರೆ ನಿದ್ದೆ. ಮನೆಯಲ್ಲಿ ಒಬ್ಬರು ದವಡೆ ಹಲ್ಲು ಬರ್ತಿದೆ ಅಂತಾರೆ, ಇನ್ನೊಬ್ಬರು ದೃಷ್ಟಿ ತಾಗಿದೆ ಅಂತ ನಿವಾಳಿಸುತ್ತಾರೆ. ಕ್ಲಿನಿಕ್ಕಿನಲ್ಲಿ ಜ್ವರಕ್ಕೊಂದು ಸಿರಪ್, ವಾಂತಿಗೊಂದು ಸಿರಪ್ ಸಿಗುತ್ತದೆ. ಇಂಥ ಮಕ್ಕಳಲ್ಲಿ ಬಹುಪಾಲಿಗೆ ನಿಜಕ್ಕೂ ಸಾಮಾನ್ಯ ವೈರಲ್ ಜ್ವರವೇ ಇರುತ್ತದೆ. ಆದರೆ ಕೆಲವು ಮಕ್ಕಳಿಗೆ ಇರುವುದು ಮೆದುಳಿನ ಟಿಬಿ. ವೈದ್ಯರ ಚೀಟಿಯಲ್ಲಿ ಅದು ಟಿಬಿ ಮೆನಿಂಜೈಟಿಸ್.

ಕಷ್ಟ ಇರುವುದು ಇಲ್ಲೇ. ಮೊದಲ ವಾರದಲ್ಲಿ ಈ ಕಾಯಿಲೆಗೆ ತನ್ನದೇ ಆದ ಮುಖ ಇಲ್ಲ. ಕುತ್ತಿಗೆ ಸೆಟೆದು, ಫಿಟ್ಸ್ ಬಂದು, ಎಲ್ಲರಿಗೂ ಗೊತ್ತಾಗುವ ಹೊತ್ತಿಗೆ ಮೆದುಳಿಗೆ ಆಗಬಾರದ್ದು ಆಗಿಬಿಟ್ಟಿರುತ್ತದೆ. ಚಿಕಿತ್ಸೆ ಸಿಕ್ಕ ಮಕ್ಕಳಲ್ಲೂ ಸುಮಾರು ಐವರಲ್ಲಿ ಒಬ್ಬರು ತೀರಿಕೊಳ್ಳುತ್ತಾರೆ. ಬದುಕಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ನಡಿಗೆ, ಕಲಿಕೆ, ಕಣ್ಣು, ಕಿವಿ, ಯಾವುದರಲ್ಲಾದರೂ ತೊಂದರೆ ಉಳಿಯುತ್ತದೆ. ಇದು ಲೋಕದ ಬೇರೆ ಬೇರೆ ಕಡೆಯ ಲೆಕ್ಕ ಒಟ್ಟು ಹಾಕಿದಾಗ ಬಂದ ಮಾತು. ಆದರೆ ಮಗು ಎಚ್ಚರವಾಗಿರುವಾಗಲೇ, ಕೈಕಾಲು ಸರಿಯಾಗಿ ಆಡಿಸುತ್ತಿರುವಾಗಲೇ ಔಷಧಿ ಶುರುವಾದರೆ ಕಥೆ ಬೇರೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಚೆನ್ನಾಗಿ ಗುಣವಾಗುತ್ತಾರೆ. ಅದಕ್ಕೇ ಈ ಬರಹದಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ರಿಪೋರ್ಟ್ ಬರಲಿ ಅಂತ ಕಾಯುವ ಕಾಯಿಲೆ ಇದಲ್ಲ.

ಅಪ್ಪ ಅಮ್ಮಂದಿರು, ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ಇಬ್ಬರನ್ನೂ ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಔಷಧಿಯ ಪ್ರಮಾಣ ನಿರ್ಧರಿಸುವುದು ಮಗುವನ್ನು ನೋಡಿದ ವೈದ್ಯರೇ.

ಶ್ವಾಸಕೋಶದ ರೋಗಾಣು ತಲೆಗೆ ಹೋಗುವುದು ಹೇಗೆ

ಮನೆಯ ದೊಡ್ಡವರು ಯಾರೋ ಕೆಮ್ಮುತ್ತಾರೆ. ಗಾಳಿಯಲ್ಲಿ ತೇಲುವ ರೋಗಾಣು ಮಗುವಿನ ಶ್ವಾಸಕೋಶ ಸೇರುತ್ತದೆ. ದೊಡ್ಡವರ ದೇಹ ಸಾಮಾನ್ಯವಾಗಿ ಅದನ್ನು ಅಲ್ಲೇ ಕಟ್ಟಿ ಕೂರಿಸುತ್ತದೆ. ಪುಟ್ಟ ಮಕ್ಕಳ ದೇಹಕ್ಕೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ರೋಗಾಣು ರಕ್ತ ಸೇರಿ ಮೆದುಳಿನ ಹೊದಿಕೆಯ ಹತ್ತಿರ ಸಣ್ಣ ಗಂಟಾಗಿ ಕೂರುತ್ತದೆ. ಆ ಗಂಟು ಒಡೆದು ಮೆದುಳಿನ ಸುತ್ತಲಿನ ನೀರಿಗೆ ಬಿದ್ದಾಗ ಕಾಯಿಲೆ ಶುರು. 1933ರಲ್ಲಿ ಅಮೆರಿಕದ ರಿಚ್ ಮತ್ತು ಮೆಕಾರ್ಡಕ್ ಎಂಬ ಇಬ್ಬರು ವೈದ್ಯರು ಇದನ್ನು ತೋರಿಸಿಕೊಟ್ಟರು. ಈಗಲೂ ಆ ಗಂಟನ್ನು ರಿಚ್ ಹೆಸರಿನಿಂದಲೇ ಕರೆಯುತ್ತಾರೆ.

ಆಮೇಲೆ ಮೆದುಳಿನ ಬುಡದಲ್ಲಿ ದಪ್ಪನೆಯ ಅಂಟು ಕೀವು ಕೂರುತ್ತದೆ. ಅದು ಮೂರು ಕಡೆ ಹಾಳು ಮಾಡುತ್ತದೆ. ಮೆದುಳಿನ ನೀರು ಹರಿಯುವ ದಾರಿ ಮುಚ್ಚಿ ತಲೆಯಲ್ಲಿ ನೀರು ತುಂಬುತ್ತದೆ. ರಕ್ತನಾಳ ಊದಿಕೊಂಡು ಮಕ್ಕಳಿಗೂ ಪಾರ್ಶ್ವವಾಯು ಹೊಡೆಯುತ್ತದೆ. ಕಣ್ಣು, ಮುಖ ಆಡಿಸುವ ನರಗಳು ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ.

ಸೋಂಕು ತಗುಲಿ ಮೂರರಿಂದ ಆರು ತಿಂಗಳೊಳಗೆ ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುತ್ತದೆ. ಆರು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಕ್ಕಳಲ್ಲೇ ಜಾಸ್ತಿ.

1. ಮನೆಯಲ್ಲಿ ಏನು ನೋಡಬೇಕು

ಒಂದೇ ಲಕ್ಷಣ ನೋಡಿ ಹೆದರಬೇಡಿ. ಇವು ಜೊತೆಯಾಗಿ ಬಂದು, ಐದು ದಿನ ದಾಟಿದರೂ ಹೋಗದೇ ಇದ್ದರೆ ಸುಮ್ನೆ ಕೂರಬೇಡಿ:

- ಬಿಟ್ಟೂ ಬಿಡದ ಜ್ವರ. ಜೋರಾಗಿಯೇ ಇರಬೇಕೆಂದಿಲ್ಲ.
- ಭೇದಿ ಇಲ್ಲದ ವಾಂತಿ.
- ಮೊದಲಿನ ಹಾಗೆ ಆಡದಿರುವುದು, ಮಂಕು, ಹಗಲಿನಲ್ಲೂ ನಿದ್ದೆ, ಇಲ್ಲವೇ ಕಾರಣವಿಲ್ಲದ ರಚ್ಚೆ.
- ಮಾತು ಬರುವ ಮಗುವಾದರೆ ತಲೆನೋವು ಎನ್ನುವುದು.
- ತೂಕ ನಿಂತಿರುವುದು ಅಥವಾ ಇಳಿದಿರುವುದು.

ಕೊನೆಯದನ್ನು ಕಣ್ಣಳತೆಗೆ ಬಿಡಬೇಡಿ. ತಾಯಿ ಕಾರ್ಡ್ ತೆಗೆದು ನೋಡಿ. ಅಂಗನವಾಡಿಯಲ್ಲಿ ತೂಗಿ ಹಾಕಿದ ಚುಕ್ಕೆಗಳು ಎರಡು ಮೂರು ತಿಂಗಳಿನಿಂದ ಅಡ್ಡಕ್ಕೆ ಹೋಗಿವೆಯೇ? ಜ್ವರ ಬರುವ ಮುಂಚೆಯೇ ತೂಕ ನಿಂತಿತ್ತು ಎಂದಾದರೆ, ಇದು ನಿನ್ನೆ ಮೊನ್ನೆ ಬಂದ ವೈರಲ್ ಅಲ್ಲದಿರಬಹುದು. ಆ ಕಾರ್ಡನ್ನು ವೈದ್ಯರ ಮೇಜಿನ ಮೇಲಿಡಿ. ಹತ್ತು ಮಾತು ಹೇಳುವುದಕ್ಕಿಂತ ಅದು ಒಳ್ಳೆಯದು.

ಇನ್ನು ಕೆಲವು ಲಕ್ಷಣ ಕಂಡರೆ ಐದು ದಿನ ಬೇಡ, ಐದು ನಿಮಿಷವೂ ಕಾಯಬೇಡಿ. ಫಿಟ್ಸ್. ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗದಿರುವುದು. ಎಳೆಗೂಸಿನ ನೆತ್ತಿ ಅಳದೇ ಇರುವಾಗಲೂ ಉಬ್ಬಿ ಬಿಗಿಯಾಗಿರುವುದು. ಹೊಸದಾಗಿ ಮೆಳ್ಳೆಗಣ್ಣು. ಒಂದು ಕಡೆಯ ಕೈಕಾಲು ಸೋಲುವುದು. ಕುತ್ತಿಗೆ ಸೆಟೆಯುವುದು. 108ಕ್ಕೆ ಕರೆ ಮಾಡಿ.

2. ಮನೆಯಲ್ಲಿ ಕೆಮ್ಮುವವರು ಯಾರು?

ನನ್ನ ಮಟ್ಟಿಗೆ ಇಡೀ ತಪಾಸಣೆಯಲ್ಲಿ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇಲ್ಲ. ಕೇಳುವ ರೀತಿಯಲ್ಲೇ ಉತ್ತರ ತಪ್ಪಿಹೋಗುತ್ತದೆ. "ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯಾ?" ಅಂದರೆ ಎಲ್ಲರೂ "ಅಯ್ಯೋ, ಇಲ್ಲಪ್ಪ" ಅಂತಾರೆ. ಅದನ್ನೇ ಬೇರೆ ಥರ ಕೇಳಿ ನೋಡಿ.

"ಮನೇಲಿ ಯಾರಿಗಮ್ಮ ಕೆಮ್ಮು?"

"ನಮ್ಮ ಮಾವನೋರಿಗೆ ಸ್ವಲ್ಪ ಇದೆ ಸಾರ್. ಬೀಡಿ ಸೇದ್ತಾರಲ್ಲ, ಅದಕ್ಕೆ."

"ಎಷ್ಟು ದಿನದಿಂದ?"

"ಹಬ್ಬಕ್ಕೆ ಮುಂಚೆಯಿಂದ ಇದೆ."

"ಪಾಪು ರಾತ್ರಿ ಯಾರ ಹತ್ತಿರ ಮಲಗುತ್ತೆ?"

"ಅಜ್ಜನ ಹತ್ತಿರಾನೇ. ಬೇರೆ ಕಡೆ ಮಲಗೋದೇ ಇಲ್ಲ."

ಇಷ್ಟು ಸಾಕು. ಅಜ್ಜನ ಕಫ ಪರೀಕ್ಷೆ ಆಗುವ ಮುಂಚೆಯೇ ಮಗುವಿನ ಬಗ್ಗೆ ಅನುಮಾನ ಗಟ್ಟಿಯಾಗಬೇಕು. ಮನೆಯವರಷ್ಟೇ ಅಲ್ಲ, ಮಗುವನ್ನು ನೋಡಿಕೊಳ್ಳುವ ಪಕ್ಕದ ಮನೆಯವರು, ಊರಿನಿಂದ ಬಂದು ತಿಂಗಳುಗಟ್ಟಲೆ ಇದ್ದು ಹೋದ ನೆಂಟರು, ಕಳೆದ ಒಂದೆರಡು ವರ್ಷದಲ್ಲಿ ಟಿಬಿ ಮಾತ್ರೆ ತಿಂದವರು, ಎಲ್ಲರನ್ನೂ ನೆನಪಿಸಿಕೊಳ್ಳಿ. ಅವರಲ್ಲಿ ಯಾರಿಗಾದರೂ ಸಾಮಾನ್ಯ ಮಾತ್ರೆಗೆ ಬಗ್ಗದ ಟಿಬಿ ಇತ್ತು ಎಂದಾದರೆ ಮೊದಲ ದಿನವೇ ಹೇಳಿ. ಮಗುವಿಗೆ ಯಾವ ಔಷಧಿ ಶುರು ಮಾಡಬೇಕು ಎನ್ನುವುದೇ ಅದರಿಂದ ಬದಲಾಗುತ್ತದೆ.

ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಡುವವರು ಈಗಲೂ ಇದ್ದಾರೆ. ಎಲ್ಲರೆದುರು ಹೇಳಲು ಆಗದಿದ್ದರೆ ನರ್ಸ್ ಹತ್ತಿರ ಒಬ್ಬರೇ ಹೋಗಿ ಹೇಳಿ, ಸಾಕು.

3. ಎಲ್ಲಿಗೆ ಕರೆದುಕೊಂಡು ಹೋಗಬೇಕು

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದರ ಚಿಕಿತ್ಸೆ ಆಗುವುದಿಲ್ಲ. ಮಕ್ಕಳ ತಜ್ಞರು, ಸ್ಕ್ಯಾನ್, ಬೆನ್ನಿನ ನೀರಿನ ಪರೀಕ್ಷೆ ಮೂರೂ ಇರುವ ಕಡೆ ಹೋಗಬೇಕು. ಅಂದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು ಆಸ್ಪತ್ರೆ. ಹುಬ್ಬಳ್ಳಿ, ಮೈಸೂರು, ಬಳ್ಳಾರಿ, ಕಲಬುರಗಿಯ ಸರ್ಕಾರಿ ಮೆಡಿಕಲ್ ಕಾಲೇಜುಗಳಿವೆ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿವಿಲಾಸ ಇವೆ. ತಲೆಯ ಆಪರೇಷನ್ ಬೇಕಾಗುವಂಥ ಮಕ್ಕಳನ್ನು ನಿಮ್ಹಾನ್ಸ್‌ಗೂ ಕಳಿಸುತ್ತಾರೆ.

ಹೋಗುವಾಗ ಹಳೆಯ ಚೀಟಿ, ಖಾಲಿ ಬಾಟಲಿ, ಸ್ಟ್ರಿಪ್ ಎಲ್ಲ ಒಂದು ಚೀಲಕ್ಕೆ ಹಾಕಿಕೊಳ್ಳಿ. ಕಸ ಅಂತ ಎಸೆಯಬೇಡಿ. ಕೆಲವು ಆಂಟಿಬಯೋಟಿಕ್‌ಗಳು ಟಿಬಿ ರೋಗಾಣುವನ್ನು ಅರ್ಧಂಬರ್ಧ ತಗ್ಗಿಸಿ ಪರೀಕ್ಷೆಯನ್ನು ದಾರಿ ತಪ್ಪಿಸುತ್ತವೆ. ಲೆವೊಫ್ಲಾಕ್ಸಾಸಿನ್, ಅಮಿಕಾಸಿನ್, ಲಿನೆಜೋಲಿಡ್ ಆ ಗುಂಪಿನವು. ಕೆಮ್ಮಿಗೆ ಅಂತ ಕೊಟ್ಟ ಸ್ಟೀರಾಯ್ಡ್ ಸಿರಪ್ ಕೂಡ ನಾಲ್ಕು ದಿನ ಮಗು ಸುಧಾರಿಸಿದ ಹಾಗೆ ತೋರಿಸಬಹುದು.

4. ಬೆನ್ನಿನ ನೀರು ತೆಗೆಯುವುದು

ವೈದ್ಯರು ಈ ಮಾತು ಎತ್ತಿದ ಕೂಡಲೇ ಅರ್ಧ ಕುಟುಂಬ ಹಿಂದೆ ಸರಿಯುತ್ತದೆ. "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತೆ" ಎನ್ನುವ ಭಯ. ಬೇರೊಬ್ಬರ ಮಗುವಿಗೆ ಹಾಗಾಯಿತಂತೆ ಅಂತ ಯಾರೋ ವಾರ್ಡಿನಲ್ಲೇ ಹೇಳುತ್ತಾರೆ. ಆ ಮಗುವಿನ ಕಾಲು ಸೋತದ್ದು ಕಾಯಿಲೆಯಿಂದ, ಸೂಜಿಯಿಂದ ಅಲ್ಲ. ಈ ಭಯದಲ್ಲಿ ಒಂದು ದಿನ, ಎರಡು ದಿನ, ಮನೆ ಹಿರಿಯರು ಬರಲಿ ಅಂತ ಮೂರನೇ ದಿನ ಕಳೆದುಹೋಗುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೆದುಳಿನ ಸುತ್ತಲಿನ ನೀರೇ ಬೆನ್ನುಮೂಳೆಯ ಒಳಗೂ ಇಳಿದಿರುತ್ತದೆ, ಇಲ್ಲಿ ತೆಗೆಯುವುದು ಅದನ್ನೇ.

ಮಗುವನ್ನು ಒಂದು ಮಗ್ಗುಲಿಗೆ ಮಲಗಿಸುತ್ತಾರೆ. ನರ್ಸ್ ಒಂದು ಕೈ ಕುತ್ತಿಗೆಯ ಹಿಂದೆ, ಇನ್ನೊಂದು ಕೈ ಮೊಣಕಾಲಿನ ಹಿಂದೆ ಇಟ್ಟು ಮಗುವಿನ ಬೆನ್ನು ಬಾಗುವ ಹಾಗೆ ಹಿಡಿಯುತ್ತಾರೆ. ಈ ಹಿಡಿತವೇ ಅರ್ಧ ಕೆಲಸ. ಸೊಂಟದ ಎರಡೂ ಮೂಳೆಗಳ ತುದಿಯಿಂದ ಬೆನ್ನಿಗೆ ಗೆರೆ ಎಳೆದ ಹಾಗೆ ಬೆರಳಿಟ್ಟು ಜಾಗ ಗುರುತಿಸುತ್ತಾರೆ. ಸ್ಪಿರಿಟ್, ಅಯೋಡಿನ್ ಹಚ್ಚಿ, ಎರಡು ಬೆನ್ನುಮೂಳೆಗಳ ಸಂದಿಯಲ್ಲಿ ತೆಳ್ಳನೆಯ ಸೂಜಿ ಹೋಗುತ್ತದೆ. ಬೆನ್ನುಹುರಿ ಅದಕ್ಕಿಂತ ಮೇಲೆಯೇ ಮುಗಿದಿರುತ್ತದೆ. ಅಲ್ಲಿರುವುದು ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ, ಅವು ಸೂಜಿಗೆ ಸರಿದು ಜಾಗ ಕೊಡುತ್ತವೆ. ಹನಿ ಹನಿಯಾಗಿ ನೀರು ಬೀಳುತ್ತದೆ, ಸಣ್ಣ ಬಾಟಲಿಗಳಲ್ಲಿ ಹಿಡಿಯುತ್ತಾರೆ. ಎಲ್ಲ ಸರಿಯಾಗಿ ಆದರೆ ಹತ್ತು ಹದಿನೈದು ನಿಮಿಷದ ಕೆಲಸ. ಮಗು ಅಳುತ್ತದೆ. ಬಿಗಿಯಾಗಿ ಹಿಡಿದದ್ದಕ್ಕೇ ಹೆಚ್ಚು ಅಳುತ್ತದೆ.

ತಲೆಯೊಳಗೆ ಒತ್ತಡ ತುಂಬಾ ಇದೆ ಎಂಬ ಅನುಮಾನವಿದ್ದರೆ ಮೊದಲು ಸ್ಕ್ಯಾನ್, ಆಮೇಲೆ ಸೂಜಿ. ಆ ತೀರ್ಮಾನ ವೈದ್ಯರದು.

ಬಂದ ನೀರನ್ನು ಕಣ್ಣಲ್ಲಿ ನೋಡಿದರೇ ಒಂದಿಷ್ಟು ತಿಳಿಯುತ್ತದೆ. ಬೇರೆ ಬ್ಯಾಕ್ಟೀರಿಯಾದ ಮೆದುಳು ಜ್ವರವಾದರೆ ಅಕ್ಕಿ ತೊಳೆದ ನೀರಿನ ಹಾಗೆ ಕದಡಿರುತ್ತದೆ. ಟಿಬಿಯಲ್ಲಿ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಇಲ್ಲವೇ ತುಸು ಹಳದಿ. ಲ್ಯಾಬಿನಲ್ಲಿ ನೋಡಿದರೆ ಲಿಂಫೊಸೈಟ್ ಎಂಬ ಬಿಳಿ ರಕ್ತಕಣಗಳು ಜಾಸ್ತಿ, ಪ್ರೋಟೀನ್ ಜಾಸ್ತಿ, ಬಹಳ ಸಲ ಡೆಸಿಲೀಟರಿಗೆ 100 ಮಿಲಿಗ್ರಾಂ ದಾಟಿರುತ್ತದೆ. ಸಕ್ಕರೆ ಕಡಿಮೆ, ರಕ್ತದ ಸಕ್ಕರೆಯ ಅರ್ಧಕ್ಕಿಂತ ಕೆಳಗೆ. ಅದಕ್ಕೇ ಅದೇ ಹೊತ್ತಿಗೆ ಬೆರಳು ಚುಚ್ಚಿ ರಕ್ತದ ಸಕ್ಕರೆಯನ್ನೂ ನೋಡುತ್ತಾರೆ. ವೈರಲ್ ಆದರೆ ಸಕ್ಕರೆ ಸಾಮಾನ್ಯವಾಗಿ ಇಳಿಯುವುದಿಲ್ಲ. ತೀರಾ ಆರಂಭದಲ್ಲಿ ಈ ಲೆಕ್ಕ ಸ್ವಲ್ಪ ಏರುಪೇರಾಗುವುದುಂಟು. ಅನುಮಾನ ಉಳಿದರೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೀರು ತೆಗೆಯಬೇಕಾಗಬಹುದು. ಅದಕ್ಕೆ ಬೇಸರ ಪಟ್ಟುಕೊಳ್ಳಬೇಡಿ.

ಅದೇ ನೀರಿನಲ್ಲಿ ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆಯೂ ಆಗುತ್ತದೆ. ನಮ್ಮಲ್ಲಿ ಸಿಬಿನಾಟ್, ಟ್ರೂನಾಟ್ ಅಂತಾರೆ. ಟ್ರೂನಾಟ್ ಗೋವಾದ ಕಂಪನಿಯೊಂದು ತಯಾರಿಸಿದ ಯಂತ್ರ. ಕೆಲವೇ ಗಂಟೆಯಲ್ಲಿ ಉತ್ತರ ಬರುತ್ತದೆ. ರಿಫಾಂಪಿಸಿನ್ ಔಷಧಿ ಕೆಲಸ ಮಾಡುತ್ತದೋ ಇಲ್ಲವೋ ಎಂಬುದೂ ಗೊತ್ತಾಗುತ್ತದೆ. ಕಲ್ಚರ್‌ಗೂ ಕಳಿಸುತ್ತಾರೆ. ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಅದು, ಆರು ವಾರದವರೆಗೆ ಕಾಯಬೇಕು.

ಈಗ ಮುಖ್ಯವಾದ ಮಾತು. ಮಗುವಿನ ಬೆನ್ನಿನ ನೀರಿನಲ್ಲಿ ರೋಗಾಣು ತೀರಾ ಕಡಿಮೆ ಇರುತ್ತದೆ. ಹಾಗಾಗಿ ಸಿಬಿನಾಟ್ ನೆಗೆಟಿವ್ ಬಂದರೆ ಟಿಬಿ ಇಲ್ಲ ಎಂದರ್ಥವಲ್ಲ. ಪಾಸಿಟಿವ್ ಬಂದರೆ ಇದೆ, ಅಷ್ಟೇ. "ನೆಗೆಟಿವ್ ಬಂತಲ್ಲ ಡಾಕ್ಟ್ರೇ, ಮತ್ತೆ ಯಾಕೆ ಟಿಬಿ ಮಾತ್ರೆ?" ಎಂದು ಬಹಳಷ್ಟು ಪೋಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಉತ್ತರ ಮುಂದೆ ಇದೆ.

5. ಉಳಿದ ಪರೀಕ್ಷೆಗಳು

ಸ್ಕ್ಯಾನ್: ಬಣ್ಣದ ಇಂಜೆಕ್ಷನ್ ಕೊಟ್ಟು ಸಿಟಿ ಅಥವಾ ಎಂಆರ್‌ಐ ಮಾಡುತ್ತಾರೆ. ನೋಡುವುದು ಮೆದುಳಿನ ಬುಡದಲ್ಲಿ ಊತ, ಒಳಗೆ ನೀರು ತುಂಬಿರುವುದು, ರಕ್ತ ಹೋಗದೆ ಸತ್ತ ಭಾಗ, ಟಿಬಿ ಗಂಟು. ತೀರಾ ಆರಂಭದಲ್ಲಿ ಸಿಟಿ ನಾರ್ಮಲ್ ಬರಬಹುದು. ಗಂಟು ಮಾತ್ರ ಕಂಡರೆ ಲಾಡಿಹುಳದ ಮರಿಯಿಂದ ಆಗುವ ಗಂಟೋ, ಗಡ್ಡೆಯೋ ಎಂದು ಬೇರ್ಪಡಿಸಬೇಕಾಗುತ್ತದೆ.

ಎದೆಯ ಎಕ್ಸ್‌ರೇ: ಕೆಮ್ಮು ಇಲ್ಲದಿದ್ದರೂ ತೆಗೆಸಿ. ಮೆದುಳಿನ ಟಿಬಿ ಇರುವ ಹಲವು ಮಕ್ಕಳ ಎದೆಯಲ್ಲಿ ಗಡ್ಡೆ ಕಟ್ಟಿದ ಗ್ರಂಥಿಯೋ ರಾಗಿ ಚೆಲ್ಲಿದಂಥ ಚುಕ್ಕೆಗಳೋ ಸಿಕ್ಕಿ ಅನುಮಾನ ಗಟ್ಟಿಯಾಗುತ್ತದೆ.

ಹೊಟ್ಟೆಯ ನೀರು: ಪುಟ್ಟ ಮಕ್ಕಳಿಗೆ ಕಫ ಉಗುಳಲು ಬರುವುದಿಲ್ಲ, ನುಂಗುತ್ತಾರೆ. ಅದಕ್ಕೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೂಗಿನ ನಳಿಕೆಯಿಂದ ಜಠರದ ನೀರು ತೆಗೆದು ಪರೀಕ್ಷಿಸುತ್ತಾರೆ.

ಮಾಂಟೂ: ಟಿಬಿ ಸೋಂಕು ತಗುಲಿದೆಯೇ ಎಂದು ತಿಳಿಯುವ ಚರ್ಮದ ಪರೀಕ್ಷೆ. ಮುಂದೋಳಿಗೆ ಚುಚ್ಚಿ 48ರಿಂದ 72 ಗಂಟೆಯೊಳಗೆ ನೋಡುತ್ತಾರೆ. 10 ಮಿಲಿಮೀಟರ್ ಗಟ್ಟಿ ಊತ ಇದ್ದರೆ ಪಾಸಿಟಿವ್. ಸೊರಗಿದ, ಕಾಯಿಲೆ ಜೋರಾದ ಮಗುವಿಗೆ ಊತ ಬಾರದೆಯೂ ಹೋಗಬಹುದು. ಎಚ್‌ಐವಿ ಪರೀಕ್ಷೆಯನ್ನೂ ಎಲ್ಲ ಟಿಬಿ ಮಕ್ಕಳಿಗೆ ಮಾಡುತ್ತಾರೆ. ಅದು ನಿಯಮ, ನಿಮ್ಮ ಮೇಲಿನ ಅನುಮಾನ ಅಲ್ಲ.

6. ಔಷಧಿ ಶುರು ಮಾಡುವ ದಿನ

ಇನ್ನು ಆ ಪ್ರಶ್ನೆಗೆ ಉತ್ತರ. ವೈದ್ಯರು ಒಂದು ರಿಪೋರ್ಟ್ ನೋಡಿ ತೀರ್ಮಾನಿಸುವುದಿಲ್ಲ. ಐದು ದಿನ ಮೀರಿದ ಲಕ್ಷಣ, ಮನೆಯಲ್ಲಿ ಕೆಮ್ಮುವವರು, ಬೆನ್ನಿನ ನೀರಿನ ಲೆಕ್ಕ, ಸ್ಕ್ಯಾನ್, ಎದೆಯ ಎಕ್ಸ್‌ರೇ ಎಲ್ಲ ಕೂಡಿಸಿ ನೋಡುತ್ತಾರೆ. ತಕ್ಕಡಿ ಟಿಬಿ ಕಡೆ ವಾಲಿದರೆ ಅವತ್ತೇ ಔಷಧಿ ಶುರು. ತಪ್ಪಾಗಿ ಕೊಟ್ಟ ಔಷಧಿಯನ್ನು ನಾಲ್ಕು ದಿನದ ಮೇಲೆ ನಿಲ್ಲಿಸಬಹುದು. ನಾಲ್ಕು ದಿನ ತಡವಾಗಿ ಕೊಟ್ಟರೆ ಕಳೆದ ಕಣ್ಣು, ಸೋತ ಕೈ ವಾಪಸ್ ಬರುತ್ತದೆಂಬ ಭರವಸೆ ಇಲ್ಲ.

ಮಗು ಯಾವ ಹಂತದಲ್ಲಿದೆ ಎಂದು ಕೇಳಿ. 1948ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಮಾಡಿದ ಮೂರು ಹಂತಗಳ ಲೆಕ್ಕ ಈಗಲೂ ಬಳಕೆಯಲ್ಲಿದೆ. ಮೊದಲನೆಯದರಲ್ಲಿ ಮಗು ಎಚ್ಚರವಾಗಿರುತ್ತದೆ, ನರದ ತೊಂದರೆ ಇಲ್ಲ. ಎರಡನೆಯದರಲ್ಲಿ ಮಂಪರು ಅಥವಾ ಕೈಕಾಲು, ಕಣ್ಣಿನ ತೊಂದರೆ. ಮೂರನೆಯದರಲ್ಲಿ ಆಳವಾದ ಮಂಪರು, ಇಲ್ಲವೇ ಪೂರ್ತಿ ಪ್ರಜ್ಞೆ ತಪ್ಪಿರುತ್ತದೆ. ಟಿಬಿಯ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್ ಬರುವ ಮುಂಚೆ ಈ ಕಾಯಿಲೆ ಬಂದ ಮಗು ಉಳಿಯುವುದೇ ಅಪರೂಪವಾಗಿತ್ತು ಎನ್ನುವುದನ್ನೂ ನೆನಪಿಡಿ.

ಭಾರತದ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದಲ್ಲಿ ಮೆದುಳಿನ ಟಿಬಿಗೆ ಒಟ್ಟು 12 ತಿಂಗಳ ಚಿಕಿತ್ಸೆ. ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಎಥಾಂಬುಟಾಲ್. ಆಮೇಲೆ ಹತ್ತು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಶ್ವಾಸಕೋಶದ ಟಿಬಿಗೆ ಆರು ತಿಂಗಳು ಸಾಕಾದರೆ ಇಲ್ಲಿ ಯಾಕೆ ಜಾಸ್ತಿ? ಎಲ್ಲ ಔಷಧಿಯೂ ರಕ್ತದಿಂದ ಮೆದುಳಿಗೆ ಸಲೀಸಾಗಿ ದಾಟುವುದಿಲ್ಲ. ಐಸೋನಿಯಾಜಿಡ್, ಪೈರಾಜಿನಮೈಡ್ ಚೆನ್ನಾಗಿ ದಾಟುತ್ತವೆ, ರಿಫಾಂಪಿಸಿನ್ ಮತ್ತು ಎಥಾಂಬುಟಾಲ್ ಅಷ್ಟಕ್ಕಷ್ಟೆ. ಎಥಿಯೋನಮೈಡ್ ಸೇರಿಸಿ ಪ್ರಮಾಣ ಹೆಚ್ಚಿಸಿ ಆರು ತಿಂಗಳಲ್ಲಿ ಮುಗಿಸುವ ಇನ್ನೊಂದು ಕ್ರಮಕ್ಕೂ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದನ್ನು ಓದಿ ನಿಮ್ಮ ಮಗುವಿನ ಮಾತ್ರೆ ಆರು ತಿಂಗಳಿಗೇ ನಿಲ್ಲಿಸಬೇಡಿ. ಔಷಧಿಗಳೂ ಬೇರೆ, ಪ್ರಮಾಣವೂ ಬೇರೆ.

ಇದರ ಜೊತೆಗೆ ಸ್ಟೀರಾಯ್ಡ್: ಡೆಕ್ಸಾಮೆಥಾಸೋನ್ ಅಥವಾ ಪ್ರೆಡ್ನಿಸೊಲೋನ್. "ಸ್ಟೀರಾಯ್ಡ್ ಬೇಡ" ಎಂದು ಹಟ ಹಿಡಿಯುವ ಅಪ್ಪಂದಿರು ಇದ್ದಾರೆ. ಈ ಕಾಯಿಲೆಯಲ್ಲಿ ಅದು ಊತ ಇಳಿಸಿ ಜೀವ ಉಳಿಸುವ ಔಷಧಿ. ಆರರಿಂದ ಎಂಟು ವಾರದಲ್ಲಿ ನಿಧಾನವಾಗಿ ಇಳಿಸುತ್ತಾ ಬಂದು ನಿಲ್ಲಿಸುತ್ತಾರೆ. ಮಗುವಿಗೆ ವಿಪರೀತ ಹಸಿವಾಗುತ್ತದೆ, ಮುಖ ದುಂಡಗಾಗುತ್ತದೆ. ಅದು ಇಳಿಯುತ್ತದೆ. ಒಂದೇ ಸಲಕ್ಕೆ ನೀವೇ ನಿಲ್ಲಿಸಿದರೆ ಮಾತ್ರ ಅಪಾಯ. ಸ್ಟೀರಾಯ್ಡ್ ನಡೆಯುತ್ತಿರುವಾಗ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ದಿನ ಬಂದರೆ ವೈದ್ಯರನ್ನು ಕೇಳಿಯೇ ಹಾಕಿಸಿ.

7. ಆಸ್ಪತ್ರೆಯ ದಿನಗಳು

ಮೆದುಳಿನಲ್ಲಿ ನೀರು ತುಂಬುವುದು ಈ ಮಕ್ಕಳಲ್ಲಿ ತುಂಬಾ ಸಾಮಾನ್ಯ. ಕೆಲವರಿಗೆ ಔಷಧಿಯಿಂದಲೇ ಇಳಿಯುತ್ತದೆ. ಇಳಿಯದಿದ್ದರೆ ಶಂಟ್ ಹಾಕುತ್ತಾರೆ. ಮೆದುಳಿನಿಂದ ಚರ್ಮದ ಕೆಳಗೇ ಹೊಟ್ಟೆಯವರೆಗೆ ಹೋಗುವ ತೆಳ್ಳನೆಯ ಕೊಳವೆ ಅದು. ಮುಂದೆ ಯಾವಾಗಲಾದರೂ ವಾಂತಿ, ತಲೆನೋವು, ಮಂಪರು ಮತ್ತೆ ಶುರುವಾದರೆ, ಕೊಳವೆಯ ದಾರಿಯಲ್ಲಿ ಕೆಂಪಾದರೆ, ಅದು ಕಟ್ಟಿಕೊಂಡಿರಬಹುದು ಅಥವಾ ಸೋಂಕಾಗಿರಬಹುದು. ರಾತ್ರಿಯಾದರೂ ಹೊರಡಿ.

ರಕ್ತದಲ್ಲಿ ಉಪ್ಪಿನ ಅಂಶ ಇಳಿಯುವುದೂ ಸಾಮಾನ್ಯ. ಪದೇ ಪದೇ ರಕ್ತ ತೆಗೆಯುವುದು ಅದಕ್ಕೇ. ನುಂಗಲು ಆಗದ ಮಗುವಿಗೆ ಮೂಗಿನ ನಳಿಕೆಯಿಂದ ಹಾಲು, ಗಂಜಿ ಹೋಗುತ್ತದೆ. ಎದೆಹಾಲು ಕುಡಿಯುವ ಕೂಸಾದರೆ ಹಿಂಡಿ ಕೊಡಬಹುದು. ಮಂಪರಿನಲ್ಲಿರುವ ಮಗುವಿನ ಬಾಯಿಗೆ ಚಮಚದಿಂದ ನೀರು ಹಾಕಲು ಮಾತ್ರ ಹೋಗಬೇಡಿ. ಎಷ್ಟು ಪ್ರೀತಿಯ ಅಜ್ಜಿಯಾದರೂ ಬೇಡ, ಶ್ವಾಸಕೋಶಕ್ಕೆ ಇಳಿಯುತ್ತದೆ.

ಫಿಟ್ಸ್ ಔಷಧಿ ನಡೆಯುತ್ತಿದ್ದರೆ ಒಂದು ಎಚ್ಚರ. ಟಿಬಿ ಮಾತ್ರೆಗಳು ಕೆಲವು ಫಿಟ್ಸ್ ಔಷಧಿಗಳ ಮಟ್ಟವನ್ನು ಏರುಪೇರು ಮಾಡುತ್ತವೆ. ಮಗು ತೂರಾಡಿದರೆ, ಜಾಸ್ತಿ ನಿದ್ದೆ ಮಾಡಿದರೆ ಹೇಳಿ.

8. ಮನೆಗೆ ಬಂದ ಮೇಲೆ ಮಾತ್ರೆ ಕೊಡುವುದು

ಮಕ್ಕಳಿಗೆಂದೇ ನೀರಿನಲ್ಲಿ ಕರಗುವ ಮಾತ್ರೆಗಳನ್ನು ಕಾರ್ಯಕ್ರಮದಲ್ಲಿ ಉಚಿತವಾಗಿ ಕೊಡುತ್ತಾರೆ. ಖಾಸಗಿ ವೈದ್ಯರ ಹತ್ತಿರ ತೋರಿಸುತ್ತಿದ್ದರೂ ಸಿಗುತ್ತದೆ, ಕೇಳಿ. 4ರಿಂದ 7 ಕಿಲೋ ಇದ್ದರೆ ಒಂದು, 8ರಿಂದ 11ಕ್ಕೆ ಎರಡು, 12ರಿಂದ 15ಕ್ಕೆ ಮೂರು, 16ರಿಂದ 24ಕ್ಕೆ ನಾಲ್ಕು. ಎಥಾಂಬುಟಾಲ್ ಬೇರೆ ಮಾತ್ರೆ, ಅದೂ ಅಷ್ಟೇ ಸಂಖ್ಯೆ. ಈ ಲೆಕ್ಕ ಕೊಟ್ಟದ್ದು ನೀವೇ ಮಾತ್ರೆ ಬದಲಿಸಲಿ ಅಂತಲ್ಲ. ಹುಷಾರಾಗುವ ಮಗು ಬೇಗ ತೂಕ ಹಿಡಿಯುತ್ತದೆ. ಏಳೂವರೆ ಇದ್ದದ್ದು ಎಂಟೂವರೆ ಆದರೂ ಹಳೆಯ ಚೀಟಿಯ ಒಂದೇ ಮಾತ್ರೆ ಮುಂದುವರಿದರೆ ಔಷಧಿ ಸಾಲದು. ಪ್ರತಿ ತಿಂಗಳು ತೂಗಿಸಿ, "ಮಾತ್ರೆ ಬದಲಾಗಬೇಕಾ?" ಎಂದು ನೀವೇ ಕೇಳಿ.

ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ದಿನಾ ಒಂದೇ ಹೊತ್ತಿಗೆ ಕೊಡಿ. ಸಣ್ಣ ಲೋಟದಲ್ಲಿ ಕುಡಿಯುವ ನೀರು ಹಾಕಿ ಮಾತ್ರೆ ಬಿಡಿ, ಕರಗಿದ ಮೇಲೆ ಅಲ್ಲಾಡಿಸಿ ಕುಡಿಸಿ. ತಳದಲ್ಲಿ ಉಳಿದದ್ದಕ್ಕೆ ಇನ್ನೊಂದಿಷ್ಟು ನೀರು ಹಾಕಿ ಅದನ್ನೂ ಕುಡಿಸಿ. ತಳದಲ್ಲಿ ಕೂತದ್ದೂ ಔಷಧಿಯೇ ಅಲ್ವಾ? ಹಾಲಿನ ಬಾಟಲಿಗೆ ಬೆರೆಸಬೇಡಿ, ಅರ್ಧಕ್ಕೆ ಬಿಟ್ಟರೆ ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ. ಕುಡಿದು ಅರ್ಧ ಗಂಟೆಯೊಳಗೆ ವಾಂತಿಯಾದರೆ ಇನ್ನೊಮ್ಮೆ ಕೊಡಬೇಕಾಗುತ್ತದೆ. ಏನು ಮಾಡಬೇಕೆಂದು ಮುಂಚೆಯೇ ಕೇಳಿಟ್ಟುಕೊಳ್ಳಿ.

ಮೂತ್ರ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಬಣ್ಣ, ರಕ್ತ ಅಲ್ಲ.

ಇವು ಕಂಡರೆ ಮುಂದಿನ ಡೋಸ್ ಕೊಡುವ ಮುಂಚೆ ಆಸ್ಪತ್ರೆಗೆ ಹೋಗಿ: ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಊಟ ಪೂರ್ತಿ ಬಿಡುವುದು, ಮೈಮೇಲೆ ಗಂಧೆ. ಲಿವರ್‌ಗೆ ತೊಂದರೆ ಆಗಿರಬಹುದು. ಎಥಾಂಬುಟಾಲ್ ಅಪರೂಪಕ್ಕೆ ಕಣ್ಣಿಗೆ ತೊಂದರೆ ಕೊಡುತ್ತದೆ. ಪುಟ್ಟ ಮಗು ಮಬ್ಬು ಅಂತ ಹೇಳಲಾರದು. ವಸ್ತು ತಡಕಾಡಿ ಹುಡುಕುತ್ತಿದ್ದರೆ, ಟಿವಿಗೆ ಮುಖ ಹಚ್ಚಿ ಕೂತರೆ ನೀವೇ ಗಮನಿಸಬೇಕು.

ಇನ್ನೊಂದು ವಿಚಿತ್ರ. ಔಷಧಿ ಸರಿಯಾಗಿ ಹೋಗುತ್ತಿರುವಾಗಲೇ, ಮಗು ಸುಧಾರಿಸಿದ ಮೇಲೆ, ಮತ್ತೆ ಜ್ವರ, ತಲೆನೋವು, ಸ್ಕ್ಯಾನ್‌ನಲ್ಲಿ ಹೊಸ ಗಂಟು ಬರಬಹುದು. ಸತ್ತ ರೋಗಾಣುವಿನ ಮೇಲೆ ದೇಹವೇ ತಿರುಗಿಬೀಳುವುದರಿಂದ ಹೀಗಾಗುತ್ತದೆ. ಔಷಧಿ ಸೋತಿದೆ ಎಂದು ಬೇರೆ ಪದ್ಧತಿಗೆ ಓಡಬೇಡಿ. ಅದೇ ವೈದ್ಯರ ಹತ್ತಿರ ಹೋಗಿ. ಬಹಳ ಸಲ ಮಾತ್ರೆ ಮುಂದುವರಿಸಿ ಸ್ಟೀರಾಯ್ಡ್ ಹೊಂದಿಸಿದರೆ ತಗ್ಗುತ್ತದೆ.

9. ಕಾಗದ ಪತ್ರ, ದುಡ್ಡು, ಫಿಸಿಯೋ

2012ರಿಂದ ಯಾವುದೇ ವೈದ್ಯರು ಟಿಬಿ ಪತ್ತೆ ಮಾಡಿದರೆ ಸರ್ಕಾರಕ್ಕೆ ತಿಳಿಸಲೇಬೇಕು. ಹಾಗೆ ದಾಖಲಾದಾಗ ಮಗುವಿಗೆ ನಿಕ್ಷಯ್ ನಂಬರ್ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಊರು ಬದಲಾದರೂ ಅದೇ ನಂಬರಿನಲ್ಲಿ ಮಾತ್ರೆ ಸಿಗುತ್ತದೆ. ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಊಟಕ್ಕೆಂದು ತಿಂಗಳಿಗೆ 1,000 ರೂಪಾಯಿ ಪೋಷಕರ ಖಾತೆಗೆ ಬರುತ್ತದೆ. 2018ರಲ್ಲಿ ಶುರುವಾದಾಗ ಅದು 500 ಇತ್ತು, 2024ರ ನವೆಂಬರ್‌ನಿಂದ ದುಪ್ಪಟ್ಟಾಗಿದೆ. ಮೊಟ್ಟೆ, ಶೇಂಗಾ, ಬೇಳೆಗೆ ಒಂದಿಷ್ಟು ಆಗುತ್ತದೆ.

ಕೈಕಾಲು ಬಿಗಿಯಾದ ಮಗುವಿಗೆ ಫಿಸಿಯೋಥೆರಪಿ ವಾರ್ಡಿನಲ್ಲೇ ಶುರುವಾಗಬೇಕು. ಡಿಸ್ಚಾರ್ಜ್ ಆಗುವ ಮುಂಚೆ ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ. ಮಾತು ತಡವಾದ ಮಗುವಿಗೆ ಎಷ್ಟೋ ಸಲ ಕಿವಿಯೇ ಕೇಳುತ್ತಿರುವುದಿಲ್ಲ. ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಲ್ಲಿ ಈ ಸೇವೆಗಳು ಉಚಿತ. ಶಾಶ್ವತ ತೊಂದರೆ ಉಳಿದರೆ ವಿಶಿಷ್ಟ ಅಂಗವಿಕಲರ ಕಾರ್ಡಿಗೆ ಅರ್ಜಿ ಹಾಕಲು ಮುಜುಗರ ಬೇಡ.

10. ಮನೆಯ ಉಳಿದ ಮಕ್ಕಳು

ಮೆದುಳಿನ ಟಿಬಿ ಬಂದ ಪುಟ್ಟ ಮಗುವಿನಿಂದ ಇನ್ನೊಬ್ಬರಿಗೆ ಹರಡುವುದು ತೀರಾ ಅಪರೂಪ. ತಟ್ಟೆ ಲೋಟ ಬೇರೆ ಮಾಡಬೇಡಿ, ಅಣ್ಣ ಅಕ್ಕಂದಿರನ್ನು ದೂರ ಇಡಬೇಡಿ. ಹರಡುತ್ತಿರುವವರು ಮನೆಯಲ್ಲಿ ಬೇರೆ ಯಾರೋ ದೊಡ್ಡವರು. ಅವರನ್ನು ಅದೇ ವಾರ ಕಫ ಪರೀಕ್ಷೆ, ಎಕ್ಸ್‌ರೇಗೆ ಕಳಿಸಿ.

ಮನೆಯಲ್ಲಿ ಒಬ್ಬ ದೊಡ್ಡವರಿಗೆ ಶ್ವಾಸಕೋಶದ ಟಿಬಿ ಎಂದು ಗೊತ್ತಾದರೆ, ಐದು ವರ್ಷದೊಳಗಿನ ಮಕ್ಕಳನ್ನೆಲ್ಲ ಪರೀಕ್ಷಿಸಿ, ಕಾಯಿಲೆ ಇಲ್ಲವೆಂದು ಖಚಿತಪಡಿಸಿಕೊಂಡು, ತಡೆ ಔಷಧಿ ಕೊಡುತ್ತಾರೆ. ಸಾಮಾನ್ಯವಾಗಿ ದಿನಾ ಐಸೋನಿಯಾಜಿಡ್, ಆರು ತಿಂಗಳು. "ಚೆನ್ನಾಗಿ ಆಡ್ತಿರೋ ಮಗೂಗೆ ಯಾಕೆ ಮಾತ್ರೆ?" ಎಂದು ಅರ್ಧಕ್ಕೆ ಬಿಡುವವರೇ ಜಾಸ್ತಿ. ವರ್ಷದೊಳಗಿನ ಕೂಸಿಗೆ ಸೋಂಕು ತಗುಲಿ ತಡೆ ಔಷಧಿ ಸಿಗದಿದ್ದರೆ, ನೂರರಲ್ಲಿ 10ರಿಂದ 20 ಕೂಸುಗಳಿಗೆ ಮೆದುಳಿನ ಟಿಬಿ ಅಥವಾ ಮೈಯೆಲ್ಲ ಹರಡುವ ಟಿಬಿ ಬರಬಹುದು ಎಂದು ಹಳೆಯ ದಾಖಲೆಗಳ ಲೆಕ್ಕ ಹೇಳುತ್ತದೆ.

ಹುಟ್ಟಿದಾಗ ಹಾಕುವ ಬಿಸಿಜಿ ಲಸಿಕೆ 1921ರಿಂದ ಬಳಕೆಯಲ್ಲಿದೆ. ದೊಡ್ಡವರ ಟಿಬಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ, ಆದರೆ ಮಕ್ಕಳ ಮೆದುಳಿನ ಟಿಬಿಯನ್ನು ಬಹಳಷ್ಟು ತಡೆಯುತ್ತದೆ. ಪೂರ್ತಿ ಅಲ್ಲ. ಹಾಗಾಗಿ ಎಡ ತೋಳಿನಲ್ಲಿ ಬಿಸಿಜಿ ಕಲೆ ಇದೆ ಎಂದ ಮಾತ್ರಕ್ಕೆ ಜ್ವರ, ವಾಂತಿ, ಮಂಕು ಇರುವ ಮಗುವಿಗೆ ಟಿಬಿ ಇರಲಾರದು ಎಂದು ಬಿಡುವಂತಿಲ್ಲ.

ಮಾತ್ರೆ ಸಿಗದಿದ್ದರೆ, ದುಡ್ಡು ಬಾರದಿದ್ದರೆ, ಯಾವ ಆಸ್ಪತ್ರೆಗೆ ಹೋಗಬೇಕೆಂದು ತಿಳಿಯದಿದ್ದರೆ ನಿಕ್ಷಯ್ ಸಂಪರ್ಕ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ. ಕರೆಗೆ ದುಡ್ಡಿಲ್ಲ. ಮಗುವಿನ ನಿಕ್ಷಯ್ ನಂಬರ್ ಕೈಯಲ್ಲಿಟ್ಟುಕೊಂಡು ಮಾತಾಡಿ, ಕೆಲಸ ಬೇಗ ಆಗುತ್ತದೆ.